ಏಳು ದಿನ ಕಾಯಬೇಡಿ: ಕೊಡಗಿನಲ್ಲಿ ದಾರಿ ತಪ್ಪುತ್ತಿರುವ ಮಕ್ಕಳ ಮನೆಗೆ ಊರಿನವರು ಹೋಗುವ ಬಗೆ

ಕರ್ನಾಟಕದ ಶಿಕ್ಷಣ ನಿಯಮಗಳಲ್ಲಿ ಒಂದು ಲೆಕ್ಕವಿದೆ. ಮಗು ಕಾರಣ ತಿಳಿಸದೆ ಸತತ ಏಳು ದಿನ ಶಾಲೆಗೆ ಬಾರದಿದ್ದರೆ ಅದನ್ನು ಶಾಲೆಯಿಂದ ಹೊರಗುಳಿದ ಮಗು ಎಂದು ಪರಿಗಣಿಸಿ ಹುಡುಕಿಕೊಂಡು ಹೋಗಬೇಕು. ಮೊದಲು ಇದಕ್ಕೆ ಅರವತ್ತು ದಿನಗಳ ಗಡುವಿತ್ತು. ಹೈಕೋರ್ಟ್ 2013ರಲ್ಲಿ ಈ ವಿಷಯವನ್ನು ತಾನಾಗಿಯೇ ಕೈಗೆತ್ತಿಕೊಂಡ ಮೇಲೆ ಅದು ಏಳಕ್ಕೆ ಇಳಿಯಿತು. ಅರವತ್ತಕ್ಕಿಂತ ಏಳು ಎಷ್ಟೋ ವಾಸಿ, ಒಪ್ಪುತ್ತೇನೆ. ಆದರೆ ದಕ್ಷಿಣ ಕೊಡಗಿನ ಪ್ರೌಢಶಾಲೆಗಳಲ್ಲಿ ಎರಡು ದಶಕಕ್ಕೂ ಮೀರಿ ಹಾಜರಿ ಕೂಗಿದ ನನಗೆ ಆ ಏಳು ದಿನವೂ ಬಹಳ ಉದ್ದವಾಗಿ ಕಾಣುತ್ತದೆ. ನಮ್ಮಲ್ಲಿ ಹುಡುಗರು ಏಳು ದಿನ ಒಟ್ಟಿಗೆ ತಪ್ಪಿಸಿಕೊಳ್ಳುವುದಿಲ್ಲ. ಮೊದಲು ಶನಿವಾರದ ಬೆಳಗಿನ ತರಗತಿ ಹೋಗುತ್ತದೆ. ಆಮೇಲೆ ಸೋಮವಾರ. ವಾರದ ಕೂಲಿಯ ಬಟವಾಡೆ, ಸಂತೆ, ರಾತ್ರಿಯ ಗಲಾಟೆ ಎಲ್ಲ ಮುಗಿದು ಮನೆ ಮಲಗುವ ಹೊತ್ತಿಗೆ ನಸುಕು ಹರಿದಿರುತ್ತದೆ. ಮಂಗಳವಾರ ಹುಡುಗ ಬರುತ್ತಾನೆ, ಪುಸ್ತಕದ ಲೆಕ್ಕ ಮತ್ತೆ ಒಂದರಿಂದ ಶುರುವಾಗುತ್ತದೆ. ಹೀಗೆ ಏಳನ್ನು ಒಮ್ಮೆಯೂ ಮುಟ್ಟದೆ ಒಂದು ಮಗು ವರ್ಷದಲ್ಲಿ ಅರವತ್ತೆಪ್ಪತ್ತು ದಿನ ಕಳೆದುಕೊಳ್ಳಬಹುದು.

ಈ ಸಂದಿನಲ್ಲಿ ಕೆಲಸ ಮಾಡಬಯಸುವ ನೆರೆಯವರು, ಶಿಕ್ಷಕರು, ಸ್ತ್ರೀಶಕ್ತಿ ಸಂಘದವರು, ಪಂಚಾಯಿತಿ ಸದಸ್ಯರು ಮತ್ತು ತೋಟದ ಮಾಲೀಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹತ್ತರಿಂದ ಹದಿನೆಂಟರ ನಡುವಿನ ಮಕ್ಕಳು ನನ್ನ ಮನಸ್ಸಿನಲ್ಲಿದ್ದಾರೆ. ಪೊಲೀಸರು, ವೈದ್ಯರು, ಸಮಿತಿಗಳು ಎಲ್ಲರೂ ಬೇಕಾಗುತ್ತಾರೆ. ಅವರಿಗಿಂತ ಮೊದಲು ಆ ಮನೆಯ ಬಾಗಿಲಿಗೆ ಯಾರು, ಹೇಗೆ ಹೋಗಬೇಕು ಎಂಬುದರ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಮೊದಲು ನಾಲ್ಕೈದು ಜನ

ಸಭೆ ಕರೆಯಬೇಡಿ, ಬ್ಯಾನರ್ ಕಟ್ಟಬೇಡಿ. ಊರಿನ ಮಕ್ಕಳನ್ನು ದಿನವೂ ಕಣ್ಣಾರೆ ಕಾಣುವ ನಾಲ್ಕೈದು ಮಂದಿಯನ್ನು ಗುರುತಿಸಿ, ಅಷ್ಟು ಸಾಕು.

ಬಯಲುಸೀಮೆಯ ಊರಿನ ಹಾಗೆ ಕೊಡಗಿನ ಮನೆಗಳು ಒತ್ತಾಗಿ ಕೂತಿಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ನಡುವೆ ಕಾಫಿ ತೋಟ, ಗದ್ದೆ, ಒಂದು ಏರು. ಪಕ್ಕದ ಮನೆಯಲ್ಲಿ ರಾತ್ರಿ ಏನಾಯಿತೆಂದು ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಇಲ್ಲಿ ಮಗುವನ್ನು ಬಲ್ಲವರು ನೆರೆಯವರಿಗಿಂತ ಹೆಚ್ಚಾಗಿ ದಾರಿಯಲ್ಲಿ ಸಿಗುವವರು. ಬೆಳಗಿನ ಬಸ್ಸಿನ ಕಂಡಕ್ಟರಿಗೆ ಯಾವ ಹುಡುಗ ಶಾಲೆಯ ಸ್ಟಾಪಿನಲ್ಲಿ ಇಳಿಯದೆ ಮುಂದಕ್ಕೆ ಹೋಗುತ್ತಿದ್ದಾನೆ ಎಂಬುದು ಗೊತ್ತು. ಬಸ್ ತಂಗುದಾಣದ ಪಕ್ಕದ ಗೂಡಂಗಡಿಯವರಿಗೆ ಯಾರು ಯಾರ ಜೊತೆ ಬೈಕಿನಲ್ಲಿ ಕೂರುತ್ತಾರೆ ಎಂಬುದು ಗೊತ್ತು. ಆಶಾ ಕಾರ್ಯಕರ್ತೆ, ಅಂಗನವಾಡಿ ಶಿಕ್ಷಕಿ, ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರ ನೋಡಿಕೊಳ್ಳುವವರು, ತೋಟದ ಲೆಕ್ಕ ಬರೆಯುವ ರೈಟರ್, ಇವರಲ್ಲಿ ಇಬ್ಬರು ಮೂವರು ಸೇರಿದರೆ ನಿಮ್ಮ ಗುಂಪು ಆಯಿತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಕ್ಕಳ ರಕ್ಷಣೆಗೆಂದು ಸಮಿತಿ ಇರಬೇಕೆಂಬ ಸರ್ಕಾರದ ಆದೇಶವೂ ಇದೆ. ನಿಮ್ಮ ಪಂಚಾಯಿತಿಯ ಸಮಿತಿಯಲ್ಲಿ ಯಾರಿದ್ದಾರೆ ಎಂದು ಒಮ್ಮೆ ಅಭಿವೃದ್ಧಿ ಅಧಿಕಾರಿಯನ್ನು ಕೇಳಿ. ಕೆಲವೊಮ್ಮೆ ಆ ಪಟ್ಟಿಯಲ್ಲಿ ನಿಮ್ಮ ಹೆಸರೇ ಇರುವುದುಂಟು.

ಕೊಡವರಲ್ಲಿ ಒಕ್ಕಕ್ಕೊಬ್ಬ, ಅಂದರೆ ಮನೆತನಕ್ಕೊಬ್ಬ ಹಿರಿಯ ಪಟ್ಟೇದಾರರಿದ್ದಾರೆ, ಪೂರ್ವಿಕರ ಐನ್‌ಮನೆಯಿದೆ. ಗೌಡರಿಗೆ ಸಮಾಜವಿದೆ, ಮುಸ್ಲಿಮರಿಗೆ ಜಮಾಅತ್ ಇದೆ. ಮನೆಯ ಮಾತು ಮನೆಯಲ್ಲೇ ಬಗೆಹರಿಯಬೇಕೆಂದಾಗ ಇವು ನೆರವಿಗೆ ಬರುತ್ತವೆ. ತೋಟದ ಕೂಲಿಯವರು ಸಾಲಾಗಿ ವಾಸಿಸುವ ಲೈನ್ ಮನೆಯ ಮಕ್ಕಳಿಗೆ ಇಂಥದ್ದು ಯಾವುದೂ ಇಲ್ಲ. ಅಲ್ಲಿ ಹಿರಿಯ ಎಂದರೆ ಕೂಲಿಯವರನ್ನು ಕರೆತರುವ ಮೇಸ್ತ್ರಿ, ಮುಂಗಡ ಕೊಟ್ಟವನೂ ಅವನೇ. ಅವನ ಮುಂದೆ ಯಾವ ತಾಯಿಯೂ ಬಾಯಿ ಬಿಡುವುದಿಲ್ಲ. ಮೇಸ್ತ್ರಿ ನಿಮ್ಮ ಗುಂಪಿಗೆ ಸುದ್ದಿ ತರಬಹುದು, ಮನೆಭೇಟಿಗೆ ಬರಬಾರದು.

ಗುಂಪು ಸೇರಿದ ಮೇಲೆ ಒಂದೇ ಕಟ್ಟಳೆ: ಒಂದು ಮಗುವಿಗೆ ಒಬ್ಬರೇ ಹೊಣೆ. ಐದು ಜನ ಬುದ್ಧಿ ಹೇಳಿದ ಹುಡುಗ ಐವರನ್ನೂ ತಪ್ಪಿಸಿ ನಡೆಯಲು ಕಲಿಯುತ್ತಾನೆ.

ಏನನ್ನು ನೋಡಬೇಕು

ಕೊಡಗಿನ ಪಂಚಾಂಗ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆ, ರಜೆಯ ಮೇಲೆ ರಜೆ. ರಜೆ ಮುಗಿದದ್ದು ಯಾವಾಗ ಎಂಬುದೇ ಕೆಲವು ಮನೆಗಳಿಗೆ ತಿಳಿಯುವುದಿಲ್ಲ. ಅರೇಬಿಕಾ ಕೊಯ್ಲು ನವೆಂಬರ್ ಹೊತ್ತಿಗೆ ಹಿಡಿದು, ರೊಬಸ್ಟಾ ಜನವರಿಯಿಂದ ಮಾರ್ಚ್‌ವರೆಗೆ ಎಳೆಯುತ್ತದೆ. ಕಾಫಿ ಕೊಯ್ಲಿನಲ್ಲಿ ಕೂಲಿ ಕಿಲೋ ಲೆಕ್ಕ. ಮನೆಯಲ್ಲಿ ಎರಡು ಕೈ ಹೆಚ್ಚಿದ್ದರೆ ಚೀಲ ಬೇಗ ತುಂಬುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ಸರಿಯಾಗಿ ಆ ರೊಬಸ್ಟಾದ ಬಾಲಕ್ಕೇ ಬಂದು ಕೂರುತ್ತದೆ. ಇನ್ನೊಂದು ಅಪಾಯದ ತಿರುವು ಗಿರಿಜನ ಆಶ್ರಮ ಶಾಲೆ ಮುಗಿಸಿದ ಯರವ, ಜೇನುಕುರುಬ ಮಕ್ಕಳು ಬೇರೆ ಶಾಲೆಗೆ ದಾಟುವ ಹೊತ್ತು. ಮನೆಯ ನುಡಿ ಬೇರೆ, ಶಾಲೆಯ ನುಡಿ ಬೇರೆ, ಹಾಸ್ಟೆಲಿನಲ್ಲಿ ಪರಿಚಯದವರಿಲ್ಲ. ಮೊದಲ ಹಬ್ಬಕ್ಕೆ ತಮ್ಮ ಜನರ ಊರಾದ ಹಾಡಿಗೆ ಹೋದ ಮಗು ಮರಳುವುದಿಲ್ಲ.

ಚಿಹ್ನೆಗಳ ಉದ್ದ ಪಟ್ಟಿಯನ್ನು ನಾನು ನಂಬುವುದಿಲ್ಲ. ಮೌನವಾಗಿರುವುದು ಎಲ್ಲ ಹದಿಹರೆಯದವರ ಗುಣ. ನೋಡಬೇಕಾದದ್ದು ಬದಲಾವಣೆಯನ್ನು. ದಿನವೂ ಮೈದಾನಕ್ಕೆ ಬರುತ್ತಿದ್ದವನು ಎರಡು ವಾರದಿಂದ ಬರುತ್ತಿಲ್ಲ. ಅಂಗಡಿಯಲ್ಲಿ ಸಾಲ ಹೇಳುತ್ತಿದ್ದವನ ಕೈಯಲ್ಲಿ ಹೊಸ ಮೊಬೈಲ್. ತನಗಿಂತ ಏಳೆಂಟು ವರ್ಷ ದೊಡ್ಡವರ ಜೊತೆ ಸಂಜೆ ಹೊಳೆಯ ಕಡೆ ನಡಿಗೆ. ನಕ್ಕು ಮಾತನಾಡುತ್ತಿದ್ದ ಹುಡುಗಿ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೇ ಇರುತ್ತಾಳೆ, ಅವಳ ಮನೆಗೆ ಯಾರೋ ದೂರದ ನೆಂಟರು ಬಂದು ಹೋದರಂತೆ. ಇಂಥ ಒಂದು ಸಂಗತಿ ಏನನ್ನೂ ಹೇಳುವುದಿಲ್ಲ. ಎರಡು ಮೂರು ಒಟ್ಟಿಗೆ ಬಂದರೆ ಹೊಣೆ ಹೊತ್ತವರು ಆ ವಾರವೇ ಮನೆಯ ಕಡೆ ಹೆಜ್ಜೆ ಹಾಕಬೇಕು.

ಮೊದಲ ಭೇಟಿ: ದೂರು ಹೊತ್ತು ಹೋಗಬೇಡಿ

ಇದನ್ನು ನಾನು ಕಲಿತದ್ದು ಕೆಟ್ಟದಾಗಿ ತಪ್ಪು ಮಾಡಿ. ಒಂಬತ್ತನೆಯ ತರಗತಿಯ ಒಬ್ಬ ಹುಡುಗ ಜುಲೈ ತಿಂಗಳಲ್ಲಿ ವಾರಕ್ಕೆ ಎರಡು ಮೂರು ದಿನ ಮಾಯವಾಗುತ್ತಿದ್ದ. ಸಿದ್ದಾಪುರ ರಸ್ತೆಯ ಬಸ್ ತಂಗುದಾಣದಲ್ಲಿ ಬೀಡಿ ಸೇದುವವರ ನಡುವೆ ಅವನು ಕೂತಿದ್ದನ್ನು ನೋಡಿದ್ದೇವೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ಸಂಜೆ ಕೊಡೆ ಹಿಡಿದು, ಜಿಗಣೆ ಕೊಡವಿಕೊಂಡು, ಅವರ ಲೈನ್ ಮನೆಗೆ ಹೋಗಿ ಬಾಗಿಲಲ್ಲೇ ನಿಂತು ಅವನ ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅಪ್ಪ ಮಾತಾಡಲಿಲ್ಲ. ಒಲೆಯ ಬದಿಯ ಸೌದೆ ಎತ್ತಿಕೊಂಡ. ನನ್ನ ಕಣ್ಣೆದುರೇ ಎರಡು ಏಟು ಬಿತ್ತು. ಬಿಡಿಸಲು ಒಳಗೆ ನುಗ್ಗಿದಾಗ ತಲೆಗೆ ಏನೋ ತಾಗಿತು: ಒಲೆಯ ಮೇಲೆ ಕಟ್ಟಿದ್ದ ತಂತಿಯಲ್ಲಿ ಒಂದು ಸಮವಸ್ತ್ರದ ಅಂಗಿ, ಒಂದು ಪ್ಯಾಂಟು. ಎರಡೂ ಒದ್ದೆ.

ಕೊಡಗಿನ ಜುಲೈ ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಬಟ್ಟೆ ನಾಲ್ಕು ದಿನವಾದರೂ ಒಣಗುವುದಿಲ್ಲ, ಒಲೆಯ ಹೊಗೆಯಲ್ಲಿ ಒಣಗಿಸಬೇಕು. ಆ ವರ್ಷ ಎರಡನೆಯ ಜೊತೆ ಅವನ ಕೈಗೆ ಬಂದಿರಲಿಲ್ಲ. ಇದ್ದ ಒಂದು ಜೊತೆ ಒದ್ದೆಯಿದ್ದ ದಿನ ಅವನು ಬರುತ್ತಿರಲಿಲ್ಲ. ಒಣಗಿದ ದಿನ ಬಂದರೆ ಹೊಗೆ ವಾಸನೆಗೆ ಬೆಂಚಿನವರು ಮೂಗು ಮುಚ್ಚುತ್ತಿದ್ದರು. ಮೂಗು ಮುಚ್ಚದವರು ಬಸ್ ತಂಗುದಾಣದಲ್ಲಿದ್ದರು. ಬೀಡಿ ನಿಜವೇ ಆಗಿತ್ತು. ಆದರೆ ಅದು ಕತೆಯ ಕೊನೆಯ ಪುಟ, ನಾನು ಅಲ್ಲಿಂದ ಓದಲು ಹೊರಟಿದ್ದೆ.

ಆಮೇಲೆ ನಾನು ಹಿಡಿದ ಕ್ರಮ ಇದು. ಮೊದಲ ಭೇಟಿಗೆ ಮಗುವಿನ ತಪ್ಪಿಗೆ ಸಂಬಂಧವಿಲ್ಲದ ಒಂದು ಕೆಲಸವನ್ನು ನೆವವಾಗಿ ಹಿಡಿದು ಹೋಗಿ: ವಿದ್ಯಾರ್ಥಿವೇತನಕ್ಕೆ ಬ್ಯಾಂಕ್ ಖಾತೆಯ ಜೋಡಣೆ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿಯಲ್ಲಿ ಬಿಟ್ಟುಹೋದ ಹೆಸರು. ಇಂಥ ಒಂದಾದರೂ ತೊಡಕು ಪ್ರತಿ ಬಡ ಮನೆಯಲ್ಲೂ ಇರುತ್ತದೆ, ಮತ್ತು ಅದನ್ನು ನಿಜವಾಗಿಯೂ ಬಿಡಿಸಿಕೊಡಿ. ಬಟವಾಡೆಯ ಸಂಜೆ ಬೇಡ. ತಾಯಿ ಕೆಲಸದಿಂದ ಬಂದು ಕಾಲು ತೊಳೆದುಕೊಂಡ ಮೇಲೆ ಹೋಗಿ. ಕಾಫಿ ಕೊಟ್ಟರೆ ಕುಡಿಯಿರಿ. ಆ ಮನೆಯ ಲೋಟ ಮುಟ್ಟದೆ ಎದ್ದವರ ಮಾತನ್ನು ಆ ಮನೆ ಮತ್ತೆ ಕೇಳುವುದಿಲ್ಲ, ಇದನ್ನು ನಮ್ಮ ಜಿಲ್ಲೆಯಲ್ಲಿ ಇನ್ನೂ ಹೇಳಬೇಕಾಗಿದೆ ಎಂಬುದೇ ಬೇಸರ. ಯರವ ಮನೆಗಾದರೆ ಅವರ ನುಡಿ ಬಲ್ಲವರನ್ನು, ಅಸ್ಸಾಂ ಕಡೆಯಿಂದ ಬಂದ ಕುಟುಂಬವಾದರೆ ಹಿಂದಿಯೋ ಬಂಗಾಳಿಯೋ ಬಲ್ಲವರನ್ನು ಕರೆದುಕೊಂಡು ಹೋಗಿ. ಮಗುವನ್ನೇ ದುಭಾಷಿ ಮಾಡಬೇಡಿ.

ಮಗುವಿನೊಂದಿಗೆ ಮಾತು ಎರಡನೆಯ ಸಲಕ್ಕೆ, ಮನೆಯ ಹೊರಗೆ, ಏನಾದರೂ ಕೆಲಸ ಮಾಡುತ್ತ. ಎದುರೆದುರು ಕುರ್ಚಿ ಹಾಕಿ ಕೂತರೆ ವಿಚಾರಣೆಯಾಗುತ್ತದೆ. ಪಕ್ಕಪಕ್ಕದಲ್ಲಿ ನಡೆಯುತ್ತ ಕೇಳಿದರೆ ಉತ್ತರ ಬರುತ್ತದೆ. “ಏಕೆ ಬರಲಿಲ್ಲ?” ಎಂಬ ಪ್ರಶ್ನೆಗೆ ಹುಡುಗರು ಸುಳ್ಳು ಹೇಳುತ್ತಾರೆ. “ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನಾಯಿತು?” ಎಂದರೆ ಅರ್ಧ ನಿಜ ತಾನಾಗಿ ಹೊರಬೀಳುತ್ತದೆ. ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಡಬೇಡಿ. ನಿನ್ನ ಜೀವಕ್ಕೆ ಅಪಾಯವಿರುವ ವಿಷಯವಾದರೆ ಹೇಳಲೇಬೇಕಾಗುತ್ತದೆ, ಉಳಿದದ್ದು ನನ್ನಲ್ಲೇ ಇರುತ್ತದೆ ಎಂದು ಮೊದಲೇ ತಿಳಿಸಿ.

ಮನೆಗೆ ಊರುಗೋಲು

ಹುಡುಗನನ್ನು ಸರಿಮಾಡುವ ಮೊದಲು ಮನೆಯ ಒಂದು ಭಾರ ಇಳಿಸಬೇಕು. ಯಾವ ಭಾರ ಎಂಬುದು ಮನೆಯಿಂದ ಮನೆಗೆ ಬೇರೆ.

ಹಣದ್ದಾದರೆ, ಕೇಂದ್ರದ ಮಿಷನ್ ವಾತ್ಸಲ್ಯದಡಿ ಪ್ರಾಯೋಜಕತ್ವ ಎಂಬ ನೆರವಿದೆ: ಮಗುವಿಗೆ ತಿಂಗಳಿಗೆ 4,000 ರೂಪಾಯಿ. ವಿಧವೆಯರ, ಗಂಡ ಬಿಟ್ಟುಹೋದವರ ಮಕ್ಕಳು, ತಂದೆತಾಯಿ ಗಂಭೀರ ಕಾಯಿಲೆಯಲ್ಲಿರುವವರು, ಅಜ್ಜಿಯ ಮನೆಯಲ್ಲಿ ಬೆಳೆಯುತ್ತಿರುವ ಅನಾಥರು ಇದಕ್ಕೆ ಬರುತ್ತಾರೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಿರಬಾರದು. ಅರ್ಜಿ ಮಡಿಕೇರಿಯ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತಾಯಿಯೊಬ್ಬಳೇ ದಿನಗೂಲಿ ಕಳೆದುಕೊಂಡು ಬೆಟ್ಟ ಹತ್ತಿ ಹೋದರೆ ಒಂದು ಕಾಗದ ಕಡಿಮೆಯಿದೆ ಎಂದು ವಾಪಸು ಬರುತ್ತಾಳೆ, ಎರಡನೆಯ ಸಲ ಹೋಗುವುದಿಲ್ಲ. ಕಾಗದಗಳನ್ನು ಊರಿನಲ್ಲೇ ಜೋಡಿಸಿ, ಜೊತೆಗೆ ಹೋಗಿ. ಹದಿನಾಲ್ಕರೊಳಗಿನ ಮಗುವಿಗೆ ಜನನ ಪತ್ರವಿಲ್ಲ, ವರ್ಗಾವಣೆ ಪತ್ರವಿಲ್ಲ ಎಂದು ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ, 2009ರ ಶಿಕ್ಷಣ ಹಕ್ಕು ಕಾಯ್ದೆ ಇದನ್ನು ಸ್ಪಷ್ಟವಾಗಿ ಹೇಳಿದೆ. ವಲಸೆ ಕಾರ್ಮಿಕರ ಮಕ್ಕಳ ವಿಷಯದಲ್ಲಿ ಈ ಮಾತು ನೆನಪಿರಲಿ.

ಅಪ್ಪನ ಕುಡಿತವಾದರೆ, ದೇವಸ್ಥಾನದಲ್ಲಿ ಆಣೆ ಹಾಕಿಸಿ ಒಂದೇ ದಿನಕ್ಕೆ ಬಿಡಿಸುವ ಸಾಹಸ ಬೇಡ. ವರ್ಷಗಟ್ಟಲೆ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಎರಡು ಮೂರನೆಯ ದಿನಕ್ಕೆ ನಡುಕ, ಫಿಟ್ಸ್, ಇಲ್ಲದ್ದು ಕಾಣುವ ಭ್ರಮೆ ಬರಬಹುದು, ಪ್ರಾಣಕ್ಕೂ ಕುತ್ತಾಗಬಹುದು. ವೈದ್ಯರ ಕಣ್ಣಿನಡಿಯಲ್ಲೇ ಬಿಡಿಸಬೇಕು. ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ವ್ಯವಸ್ಥೆಯಿದೆ, ಸಾಮಾನ್ಯವಾಗಿ ಮಂಗಳವಾರ. ಹೊರಡುವ ಮುನ್ನ ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಮಾದಕ ವಸ್ತುವಿನ ಚಟಕ್ಕೆ ಸಲಹೆ ಬೇಕಾದರೆ ರಾಷ್ಟ್ರೀಯ ಸಹಾಯವಾಣಿ 14446.

ಹದಿನೈದು ದಾಟಿದವರಿಗೆ ಯುವಸ್ಪಂದನವಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆಗೊಂದರಂತೆ ನಡೆಸುವ ಈ ಕೇಂದ್ರಗಳಲ್ಲಿ ತರಬೇತಾದ ಯುವಕ ಯುವತಿಯರೇ ಮಾತಿಗೆ ಸಿಗುತ್ತಾರೆ. ಆಸ್ಪತ್ರೆ ಎಂದರೆ ಹಿಂಜರಿಯುವ ಹುಡುಗರು ಅಲ್ಲಿಗೆ ಒಪ್ಪುವುದನ್ನು ನೋಡಿದ್ದೇನೆ.

2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಕಳೆದುಕೊಂಡವರ ಮಕ್ಕಳ ಬಗ್ಗೆ ಒಂದು ಮಾತು. ಅಂದು ಆರೇಳು ವರ್ಷದವರಾಗಿದ್ದವರು ಈಗ ಹೈಸ್ಕೂಲು, ಕಾಲೇಜಿನಲ್ಲಿದ್ದಾರೆ. ಜೋರು ಮಳೆಯ ರಾತ್ರಿ ನಿದ್ದೆ ಮಾಡದ, ಮರುದಿನ ತರಗತಿಯಲ್ಲಿ ತೂಕಡಿಸುವ ಹುಡುಗನನ್ನು ಸೋಮಾರಿ ಎಂದು ಬೈಯುವ ಮೊದಲು ಅವನ ಮನೆ ಎಲ್ಲಿತ್ತು ಎಂದು ಕೇಳಿ.

ಕೋವಿ, ಕ್ರಿಮಿನಾಶಕ, ಬೀಗದ ಕೈ

ಉಳಿದ ಜಿಲ್ಲೆಗಳ ಕೈಪಿಡಿಗಳಲ್ಲಿ ಈ ಭಾಗ ಇರುವುದಿಲ್ಲ, ನಮ್ಮದರಲ್ಲಿ ಇರಲೇಬೇಕು. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು 2029ರವರೆಗೆ ಮುಂದುವರಿಸಿತು. ಕೈಲ್ ಮುಹೂರ್ತಕ್ಕೆ ಹೂವಿಟ್ಟು ಪೂಜಿಸುವ ಕೋವಿ ನಮ್ಮ ಮನೆಗಳಲ್ಲಿ ಗೋಡೆಯ ಮೇಲೇ ಇರುತ್ತದೆ. ತೋಟದ ಕೊಠಡಿಯಲ್ಲಿ ಕ್ರಿಮಿನಾಶಕ, ಕಳೆನಾಶಕದ ಡಬ್ಬಿಗಳಿರುತ್ತವೆ. ಮನೆಯ ಹುಡುಗ ಅಥವಾ ಹುಡುಗಿ ಬದುಕು ಸಾಕು ಎಂಬ ಅರ್ಥದ ಮಾತಾಡಿದರೆ, ಪ್ರೀತಿಯ ವಸ್ತುಗಳನ್ನು ಹಂಚತೊಡಗಿದರೆ, ಪರೀಕ್ಷೆಯ ಫಲಿತಾಂಶದ ಮುನ್ನಾದಿನ ಕೋಣೆ ಸೇರಿಕೊಂಡರೆ, ಅಂದು ಸಂಜೆಯೇ ಕೋವಿಯನ್ನು ಬೇರೊಬ್ಬ ನೆಂಟರ ಮನೆಗೆ ಸಾಗಿಸಿ. ಗುಂಡುಗಳು ಇನ್ನೊಂದು ಕಡೆ, ಬೀಗದ ಕೈ ಮೂರನೆಯ ಕಡೆ. ವಿಷದ ಕೊಠಡಿಗೂ ಅದೇ ಬೀಗ. ಮನೆತನದ ಮರ್ಯಾದೆಯ ಪ್ರಶ್ನೆ ಬಂದರೆ, ರಿಪೇರಿಗೆ ಕೊಟ್ಟಿದ್ದೇವೆ ಎನ್ನಿ. ಸಾಯುವ ಯೋಚನೆ ಬಹುಪಾಲು ಅಲೆಯಂತೆ ಏರಿ ಇಳಿಯುತ್ತದೆ. ಏರಿದ ಹೊತ್ತಿನಲ್ಲಿ ಕೈಗೆಟಕುವಂತೆ ಏನೂ ಇರಬಾರದು.

ನೇರವಾಗಿ ಕೇಳಿ: “ಸಾಯಬೇಕು ಅನ್ನಿಸುತ್ತಿದೆಯೇ?” ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂಬುದು ತಪ್ಪು ನಂಬಿಕೆ, ಸಂಶೋಧನೆಗಳು ಅದನ್ನು ಒಪ್ಪುವುದಿಲ್ಲ. ಹೌದು ಎಂದರೆ ಗಾಬರಿಯಾಗಬೇಡಿ, ಒಂಟಿಯಾಗಿ ಬಿಡಬೇಡಿ. ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿಮಾನಸ್ ಸಂಖ್ಯೆ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ಹಣ ಕೊಡಬೇಕಿಲ್ಲ. ಅಪಾಯ ಕಣ್ಣೆದುರೇ ಇದ್ದರೆ 112, ಅಥವಾ ಜೀಪು ಹತ್ತಿಸಿ ನೇರವಾಗಿ ಆಸ್ಪತ್ರೆಗೆ. ಮೊಬೈಲ್ ಸಿಗ್ನಲ್ ಸಿಗದ ಊರುಗಳವರು ಸಿಗ್ನಲ್ ಸಿಗುವ ತಿರುವು ಯಾವುದು, ರಾತ್ರಿ ವಾಹನ ಕೊಡುವವರು ಯಾರು ಎಂದು ಮೊದಲೇ ನಿಶ್ಚಯಿಸಿಕೊಂಡಿರಬೇಕು.

ಕಾನೂನಿನ ಬಾಗಿಲು

ಊರಿನವರೇ ಸುಧಾರಿಸಿಕೊಳ್ಳಬಾರದ ಸಂಗತಿಗಳಿವೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದ ಮೇಲೆ ಪೊಲೀಸರಿಗೆ ತಿಳಿಸುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ, ಮುಚ್ಚಿಟ್ಟವರಿಗೂ ಶಿಕ್ಷೆಯಿದೆ. ರಾಜಿ ಪಂಚಾಯಿತಿಗೆ ಇಲ್ಲಿ ಜಾಗವೇ ಇಲ್ಲ, ಆರೋಪಿ ಎಷ್ಟು ದೊಡ್ಡ ಮನೆತನದವನಾದರೂ. ಬಾಲ್ಯವಿವಾಹದ ಸಿದ್ಧತೆ, ಮಗುವನ್ನು ದುಡಿಮೆಗೆ ದೂರ ಕಳುಹಿಸುವ ಮಾತು, ಮನೆಯಲ್ಲಿ ಪ್ರಾಣಾಪಾಯದ ಹೊಡೆತ, ಇವಕ್ಕೆ ಮಕ್ಕಳ ಸಹಾಯವಾಣಿ 1098. ಕರೆ ಮಾಡಿದವರ ಹೆಸರು ಹೇಳಬೇಕೆಂದೇನೂ ಇಲ್ಲ.

2015ರ ಬಾಲ ನ್ಯಾಯ ಕಾಯ್ದೆಯನ್ನು ಊರಿನವರು ತಪ್ಪು ತಿಳಿದಿದ್ದಾರೆ. ಅದು ಅಪರಾಧ ಮಾಡಿದ ಮಕ್ಕಳಿಗೆ ಮಾತ್ರ ಸಂಬಂಧಿಸಿದ್ದು ಎಂದುಕೊಳ್ಳುತ್ತಾರೆ. ಮಾದಕ ವಸ್ತುವಿನ ಬಲೆಗೆ ಬೀಳುವ ಸಂಭವವಿರುವ ಮಗು, ವಯಸ್ಸಿಗೆ ಮುನ್ನ ಮದುವೆಯ ಅಪಾಯದಲ್ಲಿರುವ ಮಗು, ಕಾನೂನು ಮೀರಿ ದುಡಿಸಿಕೊಳ್ಳಲಾಗುತ್ತಿರುವ ಮಗು, ಇವರೆಲ್ಲರನ್ನೂ ಆ ಕಾಯ್ದೆ ‘ಪಾಲನೆ ಮತ್ತು ರಕ್ಷಣೆ ಬೇಕಾದ ಮಗು’ ಎಂದೇ ಕರೆಯುತ್ತದೆ. ಇಂಥ ಮಗುವನ್ನು ಜಿಲ್ಲಾ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಯಾವ ನಾಗರಿಕರೂ ಹಾಜರುಪಡಿಸಬಹುದು, ಮಗು ತಾನೇ ಹೋಗಬಹುದು. ಸಮಿತಿ ಎಂದರೆ ಮಕ್ಕಳನ್ನು ಕಿತ್ತುಕೊಂಡು ಬಾಲಮಂದಿರಕ್ಕೆ ಹಾಕುತ್ತದೆ ಎಂಬ ಭಯ ಲೈನ್ ಮನೆಗಳಲ್ಲಿ ಬಹಳ. ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಎಂಬುದೇ ಕಾಯ್ದೆಯ ತತ್ವ, ಕುಟುಂಬದಲ್ಲೇ ಉಳಿಸುವುದು ಮೊದಲು. ಇದನ್ನು ತಾಯಿಗೆ ನಿಧಾನವಾಗಿ, ಎರಡು ಮೂರು ಸಲ ಹೇಳಿ.

ಹುಡುಗ ನಿಜವಾಗಿಯೂ ಏನಾದರೂ ಮಾಡಿಕೊಂಡು ಠಾಣೆ ಸೇರಿದ್ದರೆ, ಪ್ರತಿ ಠಾಣೆಯಲ್ಲೂ ಇರಬೇಕಾದ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಯನ್ನು ಕೇಳಿ. ಹದಿನೆಂಟು ತುಂಬದವರನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ, ಕೋಳ ಹಾಕುವಂತಿಲ್ಲ, 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ದನಿ ಏರಿಸದೆ ಕೇಳಿ. ಠಾಣೆಯ ಮುಂದೆ ಜನ ಸೇರಿಸಿದರೆ ಹುಡುಗನ ಮುಖ ಊರಿಗೆಲ್ಲ ಪರಿಚಯವಾಗುತ್ತದೆ, ಅಷ್ಟೆ.

ಮಗುವಿಗೆ ಮದ್ಯ, ತಂಬಾಕು, ಮಾದಕ ವಸ್ತು ಕೊಟ್ಟ ದೊಡ್ಡವರಿಗೆ ಇದೇ ಕಾಯ್ದೆಯ 77ನೆಯ ಕಲಂನಲ್ಲಿ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಇದೆ. ಶಾಲೆಯ ನೂರು ಮೀಟರ್ ಒಳಗೆ ತಂಬಾಕು ಮಾರುವಂತಿಲ್ಲ. ನಮ್ಮ ಊರಿನಲ್ಲಿ ಈ ಎರಡು ಸಾಲನ್ನು ಕಾಗದದಲ್ಲಿ ಬರೆದು ಗೂಡಂಗಡಿಯವರ ಕೈಗೆ ಕೊಟ್ಟೆವು. ಯಾರನ್ನೂ ಬೈಯಲಿಲ್ಲ. ಅಂಗಡಿಯವರಲ್ಲಿ ಒಬ್ಬರು ಆಮೇಲೆ ನಮ್ಮ ಗುಂಪಿಗೇ ಸೇರಿದರು.

ಮಾಡಬಾರದ ಎರಡು

ಗಾಂಜಾದೊಂದಿಗೆ ಸಿಕ್ಕಿಬಿದ್ದ ಹುಡುಗನ ಫೋಟೊವನ್ನು ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಮೊದಲನೆಯದು. ಪ್ರಕರಣದಲ್ಲಿರುವ ಮಗುವಿನ ಗುರುತನ್ನು ಮಾಧ್ಯಮದಲ್ಲಾಗಲಿ, ಇನ್ನಾವ ಸಂವಹನದಲ್ಲಾಗಲಿ ಬಯಲು ಮಾಡುವುದು ಅಪರಾಧ. ಕಾನೂನು ಪಕ್ಕಕ್ಕಿರಲಿ, ಗೋಣಿಕೊಪ್ಪಲಿನಲ್ಲಿ ಹಾಕಿದ ಫೋಟೊ ಮಧ್ಯಾಹ್ನದೊಳಗೆ ಶನಿವಾರಸಂತೆ ತಲುಪುತ್ತದೆ. ಮುಂದೆ ಆ ಹುಡುಗನಿಗೆ ಕೆಲಸ ಕೊಡುವವರು ಯಾರು?

ಎರಡನೆಯದು ಹೆದರಿಸುವುದು. “ಒಂದು ದಿನ ಠಾಣೆಯಲ್ಲಿ ಕೂರಿಸಿ, ಸರಿಹೋಗುತ್ತಾನೆ” ಎಂಬ ಸಲಹೆ ಪ್ರತಿ ಊರಿನಲ್ಲೂ ಒಬ್ಬರಿಂದ ಬರುತ್ತದೆ. ಅಮೆರಿಕದಲ್ಲಿ 1970ರ ದಶಕದಲ್ಲಿ ನ್ಯೂಜೆರ್ಸಿಯ ಜೈಲೊಂದರಿಂದ ಶುರುವಾಗಿ ಈ ಪ್ರಯೋಗ ದೊಡ್ಡದಾಗಿಯೇ ನಡೆಯಿತು: ಹುಡುಗರನ್ನು ಕರೆದೊಯ್ದು ಕೈದಿಗಳಿಂದ ಬೆದರಿಸಿದರು. ನಂತರ ಲೆಕ್ಕ ಹಾಕಿದವರು ಕಂಡದ್ದು, ಜೈಲು ನೋಡಿ ಬಂದವರು ನೋಡದವರಿಗಿಂತ ಹೆಚ್ಚು ಅಪರಾಧ ಮಾಡಿದ್ದರು.

ಆಟ, ಓದು, ದುಡಿಮೆ

ಕೈಗೆ ಹಾಕಿ ಸ್ಟಿಕ್ ಕೊಡಿ, ಹುಡುಗ ಸರಿಹೋಗುತ್ತಾನೆ ಎನ್ನುವವರೂ ಕೊಡಗಿನಲ್ಲಿ ಕಡಿಮೆಯಿಲ್ಲ. ಪೂರ್ತಿ ತಪ್ಪಲ್ಲ. ಐಸ್‌ಲ್ಯಾಂಡ್ ದೇಶದಲ್ಲಿ 1998ರಲ್ಲಿ 15–16 ವಯಸ್ಸಿನವರಲ್ಲಿ ಶೇಕಡ 42ರಷ್ಟು ಮಕ್ಕಳು ಹಿಂದಿನ ತಿಂಗಳಲ್ಲಿ ಒಮ್ಮೆಯಾದರೂ ಕುಡಿದು ಅಮಲೇರಿದ್ದರು. 2016ಕ್ಕೆ ಅದು ಶೇಕಡ 5ಕ್ಕೆ ಇಳಿಯಿತು. ಅವರು ಮಾಡಿದ್ದರಲ್ಲಿ ಆಟ, ಸಂಗೀತದ ತರಬೇತಿಗೆ ಪ್ರತಿ ಮಗುವಿಗೂ ಹಣ ಕೊಟ್ಟದ್ದು ಒಂದು, ಹೆತ್ತವರೆಲ್ಲ ಕೂಡಿ ಒಪ್ಪಂದ ಮಾಡಿಕೊಂಡದ್ದು ಇನ್ನೊಂದು. ಪ್ರತಿ ಮಗುವಿಗೂ ಎಂಬ ಮಾತನ್ನು ಗಮನಿಸಿ. 1997ರಲ್ಲಿ ಕರಡದಲ್ಲಿ ಆರಂಭವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ ನಮ್ಮ ಹೆಮ್ಮೆ. ಆದರೆ ಅದು ಒಕ್ಕಗಳ ಆಟ. ಲೈನ್ ಮನೆಯ ಹುಡುಗ ಅಲ್ಲಿ ಗ್ಯಾಲರಿಯಲ್ಲಿ ಕೂರುತ್ತಾನೆ. ಊರಿನ ಶಾಲಾ ಮೈದಾನದಲ್ಲಿ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಎಲ್ಲ ಮನೆಯ ಮಕ್ಕಳಿಗೂ ಒಂದು ಚೆಂಡು, ಒಬ್ಬ ದೊಡ್ಡವರು ಇದ್ದರೆ ಅದು ಇನ್ನಷ್ಟು ಉಪಯೋಗ. ಆ ದೊಡ್ಡವರು ಕುಡಿದು ಬರಬಾರದು ಎಂಬುದನ್ನೂ ಬರೆಯಲೇಬೇಕು.

ಎಸ್ಸೆಸ್ಸೆಲ್ಸಿಯಲ್ಲಿ ತಪ್ಪಿದವರ ಬಗ್ಗೆ ಬೇಗ ಎಚ್ಚೆತ್ತುಕೊಳ್ಳಿ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿವೆ, ಮೊದಲನೆಯದರಲ್ಲಿ ಹೋದ ವಿಷಯವನ್ನು ಕೆಲವೇ ವಾರಗಳಲ್ಲಿ ಮತ್ತೆ ಬರೆಯಬಹುದು. ಅರ್ಜಿಯ ಕೊನೆಯ ದಿನಾಂಕ ಮಾತ್ರ ಫಲಿತಾಂಶದ ಬೆನ್ನಿಗೇ ಇರುತ್ತದೆ, ಹುಡುಗ ಅವಮಾನದಿಂದ ಮೂಲೆ ಸೇರಿರುವ ದಿನಗಳಲ್ಲೇ. ಹೊಣೆ ಹೊತ್ತವರು ಫಲಿತಾಂಶದ ಮಧ್ಯಾಹ್ನವೇ ಹೋಗಬೇಕು. ಓದು ಬೇಡವೇ ಬೇಡ ಎನ್ನುವವನಿಗೆ ಸರ್ಕಾರಿ ಐಟಿಐ ಇದೆ. ಹದಿನಾಲ್ಕು ತುಂಬದವರನ್ನು ಕೆಲಸಕ್ಕೆ ಹಚ್ಚುವುದು, ಹದಿನೆಂಟರೊಳಗಿನವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಎರಡೂ ನಿಷಿದ್ಧ ಎಂಬುದು ತೋಟದ ಮಾಲೀಕರಿಗೆ ಗೊತ್ತಿರಲಿ.

ಒಂದು ನೋಟ್‌ಬುಕ್

ಬೈಂಡ್ ಮಾಡಿದ ನೂರು ಪುಟದ ಪುಸ್ತಕ ಒಂದನ್ನು ಇಡಿ. ಮಗುವಿನ ಹೆಸರು ಬೇಡ, ನಿಮಗಷ್ಟೇ ತಿಳಿಯುವ ಗುರುತು ಸಾಕು. ಹೋದ ದಿನಾಂಕ, ಏನು ಕೇಳಿದಿರಿ, ಏನು ಮಾಡಿಕೊಡುತ್ತೇನೆ ಎಂದಿರಿ, ಮಾಡಿಕೊಟ್ಟದ್ದು ಎಂದು. ಕೊನೆಯ ಕಲಂ ಖಾಲಿ ಉಳಿದಷ್ಟೂ ಮನೆಯವರ ನಂಬಿಕೆ ಇಳಿಯುತ್ತದೆ. ಮೊದಲ ತಿಂಗಳು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಕನಿಷ್ಠ ಒಂದು ವರ್ಷ, ಅಂದರೆ ಒಂದು ಮಳೆಗಾಲವೂ ಒಂದು ಕೊಯ್ಲೂ ಕಳೆಯುವವರೆಗೆ. ನಡುವೆ ಹುಡುಗ ಮತ್ತೆ ಜಾರುತ್ತಾನೆ. ಜಾರಿದ ವಾರ ಭೇಟಿ ತಪ್ಪಿಸಬೇಡಿ. ನಿಮ್ಮ ಮುನಿಸನ್ನು ಅವನು ಪರೀಕ್ಷಿಸುತ್ತಿರಬಹುದು.

ಹೊಗೆ ವಾಸನೆಯ ಅಂಗಿಯ ಆ ಹುಡುಗ ನನ್ನೊಂದಿಗೆ ನಾಲ್ಕು ತಿಂಗಳು ಮಾತಾಡಲಿಲ್ಲ, ಏಟು ತಿನ್ನಿಸಿದ್ದು ನಾನು ತಾನೆ. ಅವನ ತಾಯಿಯ ಪಡಿತರ ಚೀಟಿ ಸರಿಯಾದ ಮೇಲೆ ಒಂದು ದಿನ ಬಸ್ಸಿನಲ್ಲಿ ಪಕ್ಕದ ಸೀಟಿನಿಂದ ಚೀಲ ಎತ್ತಿ ಜಾಗ ಮಾಡಿದ. ಗಣಿತದಲ್ಲಿ ಒಮ್ಮೆ ಹೋಗಿ, ಮತ್ತೆ ಬರೆದು ಪಾಸಾದ. ಬೀಡಿ ಬಿಟ್ಟನೋ ಇಲ್ಲವೋ, ನಾನು ಕೇಳಲಿಲ್ಲ. ನಮ್ಮ ಗುಂಪಿನ ಪುಸ್ತಕದಲ್ಲಿ ಈಗ ಪ್ರತಿ ವರ್ಷ ಮೇ ಕೊನೆಯ ವಾರಕ್ಕೆ ಒಂದು ಸಾಲು ಇದೆ. ಶಾಲೆ ತೆರೆಯುವ ಮುನ್ನ, ಮಳೆ ಹಿಡಿಯುವ ಮುನ್ನ, ಯಾವ ಯಾವ ಮನೆಯಲ್ಲಿ ಎರಡನೆಯ ಜೊತೆ ಬಟ್ಟೆ ಇಲ್ಲ ಎಂದು ನೋಡಿಬರುವುದು.